ಪೆಟ್ಟಿಗೆ ಹಾಡಬಾರದು

ಸ್ಪೀಕರ್ ಪೆಟ್ಟಿಗೆ ಮಾಡುವ ಗಂಡಸನ್ನು ಜನ ಬಡಗಿ ಎಂದುಕೊಳ್ಳುತ್ತಾರೆ. ಹೆಂಗಸನ್ನು ಅಷ್ಟೂ ಅಂದುಕೊಳ್ಳುವುದಿಲ್ಲ. ಬಡಗಿಯ ಹೆಂಡತಿ, ಊಟದ ಡಬ್ಬಿ ಕೊಡಲು ಬಂದವಳು ಇನ್ನೂ ಮನೆಗೆ ಹೋಗಿಲ್ಲ ಎಂದುಕೊಳ್ಳುತ್ತಾರೆ. ಪುಣೆಯ ಕೊಂಢವಾದಲ್ಲಿರುವ ನಮ್ಮ ಶೆಡ್ಡಿನಲ್ಲಿ ನಾನು ಮೈತುಂಬ ಮರದ ಹುಡಿ ಮೆತ್ತಿಕೊಂಡು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ನಿಂತಿದ್ದರೂ ಬಂದವರು ನನ್ನ ಹೆಗಲ ಮೇಲಿನಿಂದ ಆಚೆ ನೋಡಿ ಸಾಹೇಬರು ಎಲ್ಲಿ ಎಂದೇ ಕೇಳುತ್ತಾರೆ. ಮರಾಠಿಯಲ್ಲಿ ಕೇಳುತ್ತಾರೆ, ಹಿಂದಿಯಲ್ಲಿ ಕೇಳುತ್ತಾರೆ, ಅಪರೂಪಕ್ಕೆ ಕನ್ನಡದಲ್ಲಿ ಕೇಳುತ್ತಾರೆ. ಭಾಷೆ ಯಾವುದಾದರೂ ಪ್ರಶ್ನೆ ಅದೇ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದವಳು ಭೋಸರಿಯ ಒಂದು ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಬಹಳ ವರ್ಷ ಇಂಜಿನಿಯರ್ ಆಗಿದ್ದೆ. ಸದ್ದು ಹಿಡಿಯುವುದು ನನ್ನ ಕೆಲಸ. ತಯಾರಾದ ಗೇರ್‌ಬಾಕ್ಸಿನ ಮೈಗೆ ಅಂಗಿಗುಂಡಿಯಷ್ಟು ಸೆನ್ಸರ್ ಅಂಟಿಸಿ, ಸಣ್ಣ ಸುತ್ತಿಗೆಯಿಂದ ಬಡಿದು, ಅದು ಎಲ್ಲಿ ನಡುಗುತ್ತದೆ, ಎಷ್ಟು ಹೊತ್ತು ನಡುಗುತ್ತದೆ ಎಂದು ನೋಡುತ್ತಿದ್ದೆ. ಕಾರ್ಖಾನೆ ಬೇರೆ ರಾಜ್ಯಕ್ಕೆ ಹೋಯಿತು, ನಾನು ಹೋಗಲಿಲ್ಲ. ನನ್ನ ಗಂಡ ಆಗಲೇ ಕೊಂಢವಾದಲ್ಲಿ ಶೆಡ್ ಹಿಡಿದು ಅಡುಗೆಮನೆಯ ಕಪಾಟು, ವಾರ್ಡ್‌ರೋಬ್ ಮಾಡಿಕೊಡುತ್ತಿದ್ದರು. ಅದೇ ಶೆಡ್ಡಿನ ಒಂದು ಮೂಲೆಯಲ್ಲಿ ನಾನು ಸ್ಪೀಕರ್ ಪೆಟ್ಟಿಗೆ ಮಾಡತೊಡಗಿದೆ. ನಕ್ಷೆ, ಜೋಡಣೆ, ಪರೀಕ್ಷೆ ನನ್ನದು. ದೊಡ್ಡ ಹಲಗೆ ಕೊಯ್ದುಕೊಡುವುದು ಅವರದು. ಗಿರಾಕಿಯ ಜೊತೆ ಮಾತಾಡುವುದೂ ಅವರದೇ ಆಯಿತು. ಅದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಗಿರಾಕಿಗಳ ಕಣ್ಣು ಅವರ ಕಡೆ ಹೋಗುತ್ತಿತ್ತು, ಅವರು ಬಾಯಿ ತೆರೆಯುತ್ತಿದ್ದರು, ಅಷ್ಟೆ.

ನಮ್ಮ ಕೆಲಸದ ತಿರುಳು ಬಹಳ ಸಣ್ಣದು. ಹಾಡಬೇಕಾದದ್ದು ಡ್ರೈವರ್, ಅಂದರೆ ಪೆಟ್ಟಿಗೆಯ ಮುಂದೆ ಕೂತು ನಡುಗುವ ಆ ದುಂಡನೆಯ ಕೋನು. ಪೆಟ್ಟಿಗೆ ಹಾಡಬಾರದು. ಅದು ಬಾಯಿ ಮುಚ್ಚಿಕೊಂಡು ಕೋನನ್ನು ಬಿಗಿಯಾಗಿ ಹಿಡಿದುಕೊಂಡಿರಬೇಕು. ಇಡೀ ಮರದ, ಅಂದರೆ ಒಂದೇ ತುಂಡಾಗಿ ಕೊಯ್ದ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದರೆ ಅದು ಟಣ್ ಎಂದು ಮರುನುಡಿಯುತ್ತದೆ. ವೀಣೆಗೆ ಅದು ಬೇಕು, ಸ್ಪೀಕರಿಗೆ ಬೇಡ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಬಡಿದರೆ ಧಪ್ ಎಂದು ಅಲ್ಲೇ ಮುಗಿಯುತ್ತದೆ. ತೆಳು ಪದರಗಳನ್ನು ಅಡ್ಡಡ್ಡ ಅಂಟಿಸಿದ ಒಳ್ಳೆಯ ಪ್ಲೈವುಡ್ಡೂ ಹೆಚ್ಚುಕಡಿಮೆ ಹಾಗೆಯೇ, ಒಳಗೆ ಅಡ್ಡಪಟ್ಟಿ ಕೊಟ್ಟರೆ ಇನ್ನೂ ಮೌನ. ಎಂಡಿಎಫ್ ಏನು ದೇವರಲ್ಲ. ಅದರ ಹುಡಿ ಎದೆಗೆ ಕೆಟ್ಟದ್ದು, ನೀರು ತಾಗಿದರೆ ನೆನೆದ ಬಿಸ್ಕೀಟಿನಂತೆ ಉಬ್ಬುತ್ತದೆ, ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ಇದನ್ನೂ ನಾನು ಬಂದವರಿಗೆಲ್ಲ ಹೇಳುತ್ತೇನೆ. ಕೇಳುವವರು ಬೇಕಲ್ಲ!

ಆ ಗಿರಾಕಿ ಬಂದದ್ದು ಒಂದು ಮಳೆಗಾಲದ ಶುರುವಿನಲ್ಲಿ. ಕರಾವಳಿಯವರು, ಪುಣೆಯಲ್ಲಿ ತಂದೆಯ ಕಾಲದಿಂದ ಹೋಟೆಲು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಿದ್ದರು. ಹಳೆಯ ಹೋಟೆಲಿನ ಮೇಜುಗಳ ಮೇಲ್ಹಲಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ನೇರ ನಮ್ಮ ಶೆಡ್ಡಿಗೇ ಬಂದಿದ್ದರು. ಅಪ್ಪಟ ಸಾಗವಾನಿ. ಅವರ ಕಡೆ ತೇಗ ಅನ್ನುತ್ತಾರೆ.

"ಇದು ನಮ್ಮ ತಂದೆ ದಿನಾ ಒರೆಸಿದ ಮೇಜು ಮಾರಾಯ್ರೆ," ಎಂದು ಅವರು ಒಂದು ಹಲಗೆಯ ಮೇಲೆ ಅಂಗೈ ಇಟ್ಟರು. "ಇದರಲ್ಲೇ ಸ್ಪೀಕರ್ ಆಗ್ಬೇಕು. ಇದರಲ್ಲೇ ಅವರ ಸ್ವರ ಕೇಳ್ಬೇಕು."

ತೀರಿಕೊಂಡಿದ್ದ ಅವರ ತಂದೆ ಊರಲ್ಲಿದ್ದಾಗ ಯಕ್ಷಗಾನದ ಭಾಗವತರಾಗಿ ಹಾಡುತ್ತಿದ್ದರಂತೆ. ಪುಣೆಗೆ ಬಂದು ಹೋಟೆಲು ಹಾಕಿದ ಮೇಲೂ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪದ ಹೇಳುವುದನ್ನು ಬಿಡಲಿಲ್ಲವಂತೆ. ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟದ್ದನ್ನು ಮಗ ಈಗ ಶುಚಿ ಮಾಡಿಸಿ ಮೊಬೈಲಿಗೆ ಹಾಕಿಸಿಕೊಂಡಿದ್ದರು. ಅಲ್ಲೇ ಸ್ವಲ್ಪ ಕೇಳಿಸಿದರು. ಚೆಂಡೆಯ ಮೇಲೆ ತೇಲಿಬರುವ ಹರಿತವಾದ, ತುಂಬು ಸ್ವರ. ನನಗೆ ಯಕ್ಷಗಾನ ಗೊತ್ತಿಲ್ಲ, ಆದರೂ ಮೈ ನವಿರೆದ್ದಿತು.

ಅದಕ್ಕೇ ನಾನು ಮಾಸ್ಕ್ ಕೆಳಗಿಳಿಸಿ ಹೇಳಿದೆ: "ಈ ಸ್ವರಕ್ಕ ಇಡೀ ಸಾಗವಾನಿ ಬ್ಯಾಡ್ರಿ. ಒಳಗ ಪ್ಲೈವುಡ್ ಪೆಟ್ಟಿಗಿ ಮಾಡ್ತೀನಿ. ಹೊರಗ ನಿಮ್ಮ ಮೇಜಿನ ಮರ ಚೌಕಟ್ಟಿನೊಳಗ ಸಡಿಲ ಕೂಡಸ್ತೀನಿ, ಅದು ಬ್ಯಾಸಿಗ್ಯಾಗ ಕುಗ್ಗಲಿ, ಮಳಿಗಾಲದಾಗ ಹಿಗ್ಗಲಿ. ಸ್ವರ, ಮರ ಎರಡೂ ಉಳೀತಾವ."

ಅವರು ನನ್ನ ಗಂಡನ ಕಡೆ ತಿರುಗಿ ಕೇಳಿದರು: "ಪ್ಲೈವುಡ್ಡಾ? ಒಳಗೂ ತೇಗವೇ ಬೇಕು. ಆಗ್ತದಲ್ಲ?"

ನಾನು ಮಾತಾಡಿದ್ದೆ. ಉತ್ತರ ಬೇರೆಯವರಿಗೆ ಹೋಯಿತು.

"ಹಳೇ ಮರ ಐತ್ರಿ, ಒಣಗಿ ಕಲ್ಲಾಗೇದ," ಎಂದರು ನನ್ನ ಗಂಡ. "ಆಗ್ತದ್ರಿ. ಯಾಕಾಗಂಗಿಲ್ಲ?"

ಹಳೆಯ ಮರವೂ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಪುಣೆಯ ಆಗಸ್ಟಿನಲ್ಲಿ ಬಾಗಿಲು ಮುಚ್ಚಲು ಬರುವುದಿಲ್ಲ, ಏಪ್ರಿಲ್ಲಿನಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ಇದು ನನ್ನ ಗಂಡನಿಗೆ ಗೊತ್ತಿಲ್ಲವೇ? ಬದುಕಿಡೀ ಮರ ಮುಟ್ಟಿದವರು. ಗೊತ್ತಿತ್ತು. ಗೊತ್ತಿದ್ದೂ ಆಗುತ್ತದೆ ಎಂದರು. ಎದುರಿಗೆ ನಿಂತ ಮನುಷ್ಯ ಅಂಗೈಯಲ್ಲಿ ಮೇಜನ್ನು ಸವರುತ್ತಿದ್ದ. ಅವನಿಗೆ ಇಲ್ಲ ಅನ್ನುವುದು ಕಷ್ಟ, ಹೆಂಡತಿಗೆ ಇಲ್ಲ ಅನ್ನುವುದು ಸಲೀಸು.

ಅವತ್ತು ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತು ನಾನು ದಾರಿಯುದ್ದಕ್ಕೂ ಜಗಳಾಡಿದೆ. ಅವರು ಹೆಲ್ಮೆಟ್ಟಿನೊಳಗಿಂದ ಹೂಂ, ಹೂಂ ಎಂದರು. ಮರುದಿನ ಬೆಳಿಗ್ಗೆ ಹಲಗೆ ಕೊಯ್ಯಲು ಹತ್ತಿದರು.

ನಾನು ಆಗಲೇ ಕೈಬಿಟ್ಟು ಕೂರಬಹುದಿತ್ತು ಎಂದು ನನ್ನ ತಂಗಿ ಈಗಲೂ ಹೇಳುತ್ತಾಳೆ. ಕೂತಿದ್ದರೆ ಆ ಸಾಗವಾನಿಯನ್ನು ಅವರು ಕಪಾಟು ಹೊಡೆದಂತೆ ಮೊಳೆ ಹೊಡೆದು ಮುಗಿಸುತ್ತಿದ್ದರು. ನನಗೆ ಆ ಮರದ ಮೇಲೆ ಸಿಟ್ಟಿರಲಿಲ್ಲ. ಚಹಾ ಲೋಟದ ಉಂಗುರಗಳು ಅದರ ಮೇಲೆ ಹಾಗೇ ಇದ್ದವು. ಸಾಗವಾನಿಯಲ್ಲಿ ತನ್ನದೇ ಎಣ್ಣೆ ಇರುತ್ತದೆ, ಅಂಟು ಸುಲಭಕ್ಕೆ ಹಿಡಿಯುವುದಿಲ್ಲ. ಪ್ರತಿ ಅಂಚನ್ನೂ ಥಿನ್ನರಿನಿಂದ ಒರೆಸಿ, ಉಜ್ಜಿ, ಅಂಟು ಹಚ್ಚಿ, ಕ್ಲ್ಯಾಂಪ್ ಬಿಗಿದೆ. ಶೆಡ್ಡಿನ ತಗಡಿನ ಮೇಲೆ ಮಳೆ ಜಡಿಯುತ್ತಿತ್ತು. ಮರ ತೇವ ಕುಡಿದು ಉಬ್ಬಿ ನಿಂತ ದಿನಗಳಲ್ಲಿ ಅದನ್ನು ನಾಲ್ಕೂ ಕಡೆ ಕಟ್ಟಿಹಾಕುತ್ತಿದ್ದೇವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಪೆಟ್ಟಿಗೆ ತಯಾರಾದವು. ಚೆಂದವಾಗಿದ್ದವು, ಸುಳ್ಳು ಹೇಳುವುದಿಲ್ಲ. ಜೇನಿನ ಬಣ್ಣ, ಕೈಯಾಡಿಸಿದರೆ ಬೆಣ್ಣೆ. ಗಿರಾಕಿಯ ಮನೆಯ ಹಾಲಿನಲ್ಲಿ ಇಟ್ಟು ಹಾಡು ಹಾಕಿದಾಗ ಅವರು ಸೋಫಾದ ಅಂಚಿನಲ್ಲಿ ಕೂತು ಕಣ್ಣೊರೆಸಿಕೊಂಡರು. ನನ್ನ ಗಂಡನ ಕಣ್ಣೂ ಒದ್ದೆಯಾಯಿತು. ನಾನು ಮಾತ್ರ ಒಳಗೇ ಉರಿಯುತ್ತ ನಿಂತಿದ್ದೆ. ಭಾಗವತರು ಸ್ವರ ಏರಿಸಿದಾಗ ಪೆಟ್ಟಿಗೆಯ ಬದಿಯ ಹಲಗೆಯೂ ಅವರ ಜೊತೆ ಗುಂಯ್ ಎನ್ನುತ್ತಿತ್ತು. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲೂ ಹರಿತವಾಗಿದ್ದ ಸ್ವರ ಇಲ್ಲಿ ನೆಗಡಿ ಹಿಡಿದಂತೆ ಮೂಗಿನಲ್ಲಿ ಕೂತಿತ್ತು.

"ಸ್ವರ ಮೂಗಿನಾಗ ಬಂದಂಗ ಕೇಳಸ್ತದ್ರಿ," ಎಂದೆ. "ಪೆಟ್ಟಿಗಿ ಹಾಡಾಕತ್ತದ."

ಗಿರಾಕಿ ನಕ್ಕರು. "ಅದೇ ಅಲ್ವಾ ಮಜಾ! ಮೇಜೇ ಹಾಡ್ತಾ ಉಂಟು!"

ನನ್ನ ಗಂಡ ನನ್ನ ಮೊಣಕೈ ಚಿವುಟಿದರು. ಅಡುಗೆಮನೆಯ ಬಾಗಿಲಲ್ಲಿ ಗಿರಾಕಿಯ ಹೆಂಡತಿ ನಿಂತಿದ್ದರು. ಅವರು ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ಬೇಸಿಗೆ ಬಂತು. ಗಾಳಿ ಒಣಗಿ ತುಟಿ ಸೀಳುವ ದಿನಗಳು. ಒಂದು ಮಧ್ಯಾಹ್ನ ಗಿರಾಕಿ ಫೋನಿನಲ್ಲಿ ಕೂಗಾಡಿದರು, ಆಮೇಲೆ ಎರಡೂ ಪೆಟ್ಟಿಗೆಗಳನ್ನೇ ಕಾರಿನಲ್ಲಿ ಹಾಕಿಕೊಂಡು ಶೆಡ್ಡಿಗೆ ಬಂದರು. ಒಂದರ ಬದಿಯ ಹಲಗೆ ಮೇಲಿನಿಂದ ಕೆಳಗಿನ ತನಕ ಸೀಳಿತ್ತು. ಮನೆಯಲ್ಲಿ ನೆಂಟರೆಲ್ಲ ಕೂತು ಕೇಳುವಾಗ ಪಟಾಕಿಯಂತೆ ಸದ್ದು ಬಂದು ಬಾಯಿ ಬಿಟ್ಟಿತಂತೆ. ಆಮೇಲೆ ತಗ್ಗಿನ ಸ್ವರ ಬಂದಾಗಲೆಲ್ಲ ಆ ಸೀಳಿನಿಂದ ಗಾಳಿ ಬುಸ್ಸೆನ್ನುತ್ತಿತ್ತಂತೆ.

"ನಮ್ಮ ತಂದೆಯ ಮೇಜು ಹಾಳು ಮಾಡಿದ್ರಿ ನೀವು!" ಎಂದು ಕೂಗಿದರು. "ಇಷ್ಟು ಕಾಲ ಇದಕ್ಕೆ ಎಂತ ಆಗಿರ್ಲಿಲ್ಲ. ನಿಮ್ಮ ಕೈಗೆ ಬಂದು ಸೀಳಿತು. ಇದು ಯಾರು ಮಾಡಿದ್ದು?"

ಮೇಜಿನ ಹಲಗೆ ಸಡಿಲ ಸ್ಕ್ರೂಗಳ ಮೇಲೆ ತನಗೆ ಬೇಕಾದಂತೆ ಹಿಗ್ಗಿ ಕುಗ್ಗಿಕೊಂಡಿತ್ತು, ಅದಕ್ಕೇ ಸೀಳಿರಲಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗಂಡ ನೆಲ ನೋಡಿಕೊಂಡು ಹೇಳಿದರು:

"ಅಂಟು ಹಚ್ಚೋ ಕೆಲಸ ಅಕೀದ್ರಿ."

ಅಷ್ಟೇ. ಗಿರಾಕಿ ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದರು, ಬೈಯುವುದಕ್ಕೆ. "ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕ್ಬಾರ್ದು ಅಮ್ಮಾ. ಹೆಂಗಸರು ಹವ್ಯಾಸಕ್ಕೆ ಮಾಡೋದು ಬೇರೆ, ಇದು ಬೇರೆ."

ನನ್ನ ಗಂಡ ಅಂದ ಮಾತು ಸುಳ್ಳಲ್ಲ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು. ಅಂಟು ಹಚ್ಚಿದ್ದು ನಾನೇ. ಅಂಟು ಎಲ್ಲೂ ಬಿಟ್ಟಿರಲಿಲ್ಲ. ಸೀಳು ಅಂಟಿನ ಗೆರೆಯಲ್ಲಿರಲಿಲ್ಲ, ಅದರ ಪಕ್ಕದಲ್ಲಿ, ಮರದ ಮೈಯಲ್ಲೇ ಇತ್ತು. ನನ್ನ ಕೆಲಸ ಗಟ್ಟಿಯಾಗಿದ್ದದ್ದಕ್ಕೇ ಮರ ಹರಿದಿತ್ತು.

"ಸೀಳು ಎಲ್ಲೈತಿ ಬೆರಳಿಟ್ಟು ನೋಡ್ರಿ," ಎಂದೆ. "ಅಂಟು ಬಿಟ್ಟಿಲ್ಲ. ಇಡೀ ಮರ ಬ್ಯಾಡಂತ ಇಲ್ಲೇ, ಇದ ಜಾಗಾದಾಗ ನಿಂತು ಹೇಳಿದ್ದೆ. ನೀವು ಇವರ ಮುಖ ನೋಡಿದ್ರಿ. ಇವರು ಹೂಂ ಅಂದ್ರು. ಈಗ ಇಬ್ಬರೂ ನನ್ನ ಮುಖ ನೋಡ್ತೀರಿ."

ಗಿರಾಕಿ ಪೆಟ್ಟಿಗೆ ಅಲ್ಲೇ ಬಿಟ್ಟು ಹೋದರು. ಆಮೇಲೆ ಶೆಡ್ಡಿನಲ್ಲಿ ನಾನು ಏನೇನು ಅಂದೆನೋ, ಪಕ್ಕದ ಫ್ಯಾಬ್ರಿಕೇಶನ್ ಅಂಗಡಿಯವರು ವೆಲ್ಡಿಂಗ್ ನಿಲ್ಲಿಸಿದರು. ಕನ್ನಡ ತಿಳಿಯದಿದ್ದರೂ ಅವರಿಗೆ ವಿಷಯ ತಿಳಿದಿರಬೇಕು.

"ಬಾಯಿಗೆ ಬಂತು, ಅಂದೆ," ಎಂದರು ನನ್ನ ಗಂಡ. "ಅವರು ಅಷ್ಟು ಜೋರು ಮಾಡಿದ್ರ ಏನ್ ಮಾಡ್ಲಿ?"

"ಅದಕ್ಕ ಅಕೀದು ಅಂದ್ರಿ? ನನ್ನನ್ನ ಮುಂದ ಮಾಡಿ ನೀವು ಹಿಂದ ನಿಂತ್ರಿ!"

ಅವರು ಕೊನೆಗೆ ಒಂದು ಉಪಾಯ ಹೇಳಿದರು. ಆ ಉಪಾಯಕ್ಕೆ ನನ್ನ ಸಿಟ್ಟು ಇಮ್ಮಡಿಯಾಯಿತು. ಸಾಗವಾನಿಯನ್ನು ಹಾಳೆಯಂತೆ ತೆಳ್ಳಗೆ ಕೊಯ್ಯುವುದು, ಎಂಡಿಎಫ್ ಪೆಟ್ಟಿಗೆಯ ಒಳಗೂ ಹೊರಗೂ ಅದನ್ನು ಅಂಟಿಸುವುದು, ಇಡೀ ಮರದ್ದೇ ಎಂದು ಹೇಳಿ ಕೊಟ್ಟುಬಿಡುವುದು. "ಅವರಿಗೇನು ಗೊತ್ತಾಗ್ತದ? ನಿನಗೂ ಬೇಕಾದ್ದು ಆತು, ಅವರಿಗೂ ಬೇಕಾದ್ದು ಆತು."

ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದನ್ನೇ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ನಾನು ಎಂಡಿಎಫ್ ಬಗ್ಗೆ ಬಾಯಿ ನೋಯಿಸಿಕೊಂಡದ್ದು ಅದನ್ನು ಕಳ್ಳಮಾಲಿನಂತೆ ತೊಗಲ ಕೆಳಗೆ ಬಚ್ಚಿಡಲಿಕ್ಕೆ ಅಲ್ಲ. ಒಳ್ಳೆಯ ಪೆಟ್ಟಿಗೆ ಮಾಡಿ, ಅದು ಕೆಟ್ಟ ಪೆಟ್ಟಿಗೆಯೇ ಎಂದು ಆಣೆ ಹಾಕಿ ಮಾರಬೇಕೇ?

"ಆ ಸಾಗವಾನಿ ನಾ ಮುಟ್ಟಂಗಿಲ್ಲ," ಎಂದೆ. "ಸೀಳಿಗೆ ತೇಪಿ ಹಾಕೋದು ನೀವ ಹಾಕ್ರಿ. ಅಲ್ಲೀತನಕ ಅವರ ಮನ್ಯಾಗ ಕೇಳಾಕ ನಾ ಬ್ಯಾರೆ ಜೋಡಿ ಕೊಡ್ತೀನಿ. ಪ್ಲೈವುಡ್ಡಿಂದು. ಪ್ಲೈವುಡ್ ಅಂತ ಹೇಳೇ ಕೊಡ್ತೀನಿ."

ಅದೇ ಅಳತೆಯ ಎರಡು ಪೆಟ್ಟಿಗೆಗಳನ್ನು ನಾನೊಬ್ಬಳೇ ಮಾಡಿದೆ. ಹಲಗೆಯನ್ನೂ ನಾನೇ ಕೊಯ್ದೆ. ಒಳಗೆ ಅಡ್ಡಪಟ್ಟಿ ಕೊಟ್ಟು, ಬಡಿದು ನೋಡಿ, ಇನ್ನೊಂದು ಕೊಟ್ಟು, ಮತ್ತೆ ಬಡಿದೆ. ಗೋಡೆ ಬಡಿದಂತೆ ಆಗುವ ತನಕ ಬಿಡಲಿಲ್ಲ. ಹೊರಗೆ ಬರೀ ಬೂದು ಬಣ್ಣದ ಪ್ರೈಮರ್. ಚೆಂದ ಮಾಡುವ ಮನಸ್ಸಾಗಲಿಲ್ಲ. ಸಾಗವಾನಿ ಪೆಟ್ಟಿಗೆಯ ಡ್ರೈವರುಗಳನ್ನೇ ಬಿಚ್ಚಿ ಇದಕ್ಕೆ ಕೂರಿಸಿದೆ, ಆಮೇಲೆ ಡ್ರೈವರ್ ಬೇರೆ ಅನ್ನುವ ಮಾತು ಬರಬಾರದು ಎಂದು.

ಪೆಟ್ಟಿಗೆ ತೆಗೆದುಕೊಂಡು ಹೋದಾಗ ಗಿರಾಕಿ ಮದುವೆಗೆಂದು ಊರಿಗೆ ಹೋಗಿದ್ದರು. ಅವರ ಹೆಂಡತಿ ಬಾಗಿಲು ತೆರೆದರು. ನಾನು ತಂತಿ ಜೋಡಿಸುವ ತನಕ ಪಕ್ಕದಲ್ಲೇ ನಿಂತಿದ್ದು, ಭಾಗವತಿಕೆ ಶುರುವಾದೊಡನೆ ಕೈಯಲ್ಲಿದ್ದ ಟವೆಲ್ ಮಡಚುವುದನ್ನು ನಿಲ್ಲಿಸಿದರು. ಪದ ಮುಗಿಯುವ ತನಕ ಅಲ್ಲಾಡಲಿಲ್ಲ.

"ಇದು ನಮ್ಮ ಮಾವ," ಎಂದರು. "ಅದರಲ್ಲಿ ಇದ್ದದ್ದು ಬೇರೆ ಯಾರೋ. ನಾನು ಅವತ್ತೇ ಹೇಳ್ಬೇಕು ಅಂತಿದ್ದೆ. ಮದುವೆಯಾಗಿ ಬಂದಾಗಿಂದ ದಿನಾ ಕೇಳಿದ ಸ್ವರ ನನಗೆ ಗೊತ್ತಿಲ್ವಾ? ಮೇಜು ಒರೆಸ್ತಾ ಹೇಳುವಾಗ ಹೀಗೇ ಇರ್ತಿತ್ತು, ಗಾಜಿನ ಹಾಗೆ."

"ಮತ್ತ ಯಾಕ ಹೇಳ್ಲಿಲ್ಲ?" ಎಂದೆ. ನನ್ನ ಸ್ವರ ಒರಟಾಗಿತ್ತು, ಅದನ್ನು ಮೆದುವಾಗಿಸಲು ನನಗೆ ಆಗಲಿಲ್ಲ.

"ಅವರು ಅಳ್ತಿದ್ರು," ಎಂದರು. "ಅಳುವವರಿಗೆ ಎಂತ ಹೇಳೋದು?"

ಅಳುವವರಿಗೆ ಹೇಳಬಾರದು, ಕೂಗುವವರಿಗೆ ಹೇಳಬಾರದು, ಅಂಗೈಯಲ್ಲಿ ಮೇಜು ಸವರುವವರಿಗೆ ಹೇಳಬಾರದು. ಹಾಗಾದರೆ ಯಾರಿಗೆ ಹೇಳುವುದು? ಇದನ್ನು ನಾನು ಅವರಿಗೆ ಕೇಳಲಿಲ್ಲ. ಆಕೆ ಆಗಲೇ ಹಾಡನ್ನು ಮತ್ತೆ ಮೊದಲಿನಿಂದ ಹಾಕಿಕೊಂಡು ನೆಲದ ಮೇಲೆ ಕೂತಿದ್ದರು.

ಗಿರಾಕಿ ಊರಿಂದ ಬಂದ ಮೇಲೆ ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಹಾಲಿನಲ್ಲಿ ಬೂದು ಪೆಟ್ಟಿಗೆಗಳ ಎದುರು ನಿಂತಿದ್ದರು, ಮುಖ ಕೆಂಪಗಿತ್ತು.

"ಇದು ಎಂತದು? ಗೋದಾಮಿನ ಡಬ್ಬ! ಯಾರಾದ್ರೂ ಬಂದ್ರೆ ಎಂತ ಹೇಳೋದು ನಾನು?"

"ಕೇಳಿದ್ರೇನ್ರಿ?" ಎಂದೆ.

ಗಿರಾಕಿಯ ಹೆಂಡತಿ ಹಿಂದಿನಿಂದ ಹೇಳಿದರು, "ಕೇಳಿದ್ದಾರೆ. ಬೆಳಿಗ್ಗೆಯಿಂದ ಕೇಳ್ತಾ ಇದ್ದಾರೆ."

ಗಿರಾಕಿ ಕುರ್ಚಿ ಎಳೆದುಕೊಂಡು ಕೂತರು. ಮಾತಾಡಿದಾಗ ಸ್ವರ ಇಳಿದಿತ್ತು. "ಗೊತ್ತಾಯ್ತು ಅಮ್ಮಾ. ತಂದೆಯ ಸ್ವರ ಇದರಲ್ಲೇ ಸರಿಯುಂಟು. ಇಲ್ಲ ಅಂತ ಹೇಳುದಿಲ್ಲ. ಆದ್ರೂ ನಂಗೆ ತೇಗವೇ ಬೇಕು. ಸೀಳು ಮುಚ್ಚಿ ಕೊಡಿ."

ಕಿವುಡರ ಮೇಲೆ ಸಿಟ್ಟು ಮಾಡಬಹುದು. ಕೇಳಿಸಿಕೊಂಡು, ಒಪ್ಪಿಕೊಂಡು, ಆಮೇಲೂ ಅದೇ ಹಲಗೆಗೆ ಜೋತುಬೀಳುವವರ ಮೇಲೆ ಏನು ಮಾಡುವುದು? ಸತ್ತ ತಂದೆಯ ಗಂಟಲು ಒಂದು ಕಡೆ, ಅವರು ಒರೆಸಿದ ಹಲಗೆ ಒಂದು ಕಡೆ. ಮಗ ಹಲಗೆ ಆರಿಸಿಕೊಂಡರು. ಅದು ಅವರ ತಂದೆ, ಅವರ ಇಷ್ಟ ಎಂದು ಸಮಾಧಾನ ಮಾಡಿಕೊಳ್ಳಬೇಕಿತ್ತು. ಆಗಲಿಲ್ಲ. ಈಗಲೂ ಆಗಿಲ್ಲ.

"ಬೂದು ಪೆಟ್ಟಿಗೆ ವಾಪಸ್ ಹೋಗುದಿಲ್ಲ," ಎಂದರು ಅವರ ಹೆಂಡತಿ. ಗಂಡನ ಕಡೆ ನೋಡದೆ ನನ್ನ ಕಡೆ ನೋಡಿಯೇ ಹೇಳಿದರು. "ಮೇಲಿನ ಕೋಣೆಗೆ ಹಾಕಿಕೊಡಿ. ಅದು ನನ್ನದು. ಅವರ ತೇಗಕ್ಕೆ ಬೇರೆ ಡ್ರೈವರ್ ತಂದು ಹಾಕಿ."

ನಾನು ಆಗಲೇ ತಂತಿ ಬಿಚ್ಚಲು ಬಗ್ಗಿದ್ದೆ.

ಸಾಗವಾನಿಯ ಸೀಳನ್ನು ನನ್ನ ಗಂಡನೇ ಮುಚ್ಚಿದರು, ಚಿಟ್ಟೆಯಾಕಾರದ ತುಂಡುಗಳನ್ನು ಕೆತ್ತಿ ಕೂರಿಸಿ. ನಾನು ಹೇಳಿದಂತೆಯೇ ಮುಟ್ಟಲಿಲ್ಲ. ಅಂದಿನಿಂದ ಸ್ಪೀಕರಿನ ಗಿರಾಕಿಗಳೊಡನೆ ನಾನೇ ಮಾತಾಡುತ್ತೇನೆ. ಫೋನ್ ನಂಬರೂ ನನ್ನದೇ. ಗಂಡನ ಜೊತೆ ಮನೆಯಲ್ಲಿ ಊಟ, ಉಪ್ಪು, ಗ್ಯಾಸ್ ಸಿಲಿಂಡರಿನ ಮಾತು ನಡೆಯುತ್ತಿತ್ತು. ಶೆಡ್ಡಿನಲ್ಲಿ ಮಾತ್ರ ಅವರೆದುರು ನಾನು ಮಾಸ್ಕ್ ಏರಿಸಿಕೊಂಡರೆ ಇಳಿಸುತ್ತಿರಲಿಲ್ಲ.

ಮಳೆಗಾಲ ಮತ್ತೆ ಹಿಡಿದಿತ್ತು. ನಾನು ಎಂಡಿಎಫ್ ಹಲಗೆಯಲ್ಲಿ ಡ್ರೈವರಿನ ಗುಂಡಿ ಕೊರೆಯುತ್ತಿದ್ದಾಗ ನನ್ನ ಗಂಡ ಪಕ್ಕಕ್ಕೆ ಬಂದು ನಿಂತು ಏನೋ ಹೇಳಿದರು. ಮಶಿನ್ ಬಂದ್ ಮಾಡಿ, "ಏನಂದ್ರಿ?" ಎಂದೆ.

"ಅವತ್ತು ನಾ ಹಂಗ ಅನ್ನಬಾರದಿತ್ತು."

"ನನಗ್ಯಾಕ ಹೇಳ್ತೀರಿ? ಅಂದದ್ದು ಅವರ ಮುಂದ. ಅವರಿಗೆ ಹೇಳ್ರಿ."

ಅವರು ಹೋಗಿಬಿಡುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಜೇಬಿನಿಂದ ಫೋನ್ ತೆಗೆದು, ಗಿರಾಕಿಗೆ ಹಚ್ಚಿ, ಸ್ಪೀಕರ್ ಮೇಲೆ ಹಾಕಿ ನನ್ನ ಬೆಂಚಿನ ಮೇಲೆ ಹುಡಿಯಲ್ಲೇ ಇಟ್ಟರು. "ನಮಸ್ಕಾರ್ರಿ. ಒಂದು ಮಾತು ಹೇಳೋದಿತ್ತು. ಪೆಟ್ಟಿಗಿ ಸೀಳಿದ್ದು ಅಕೀ ತಪ್ಪಲ್ರಿ. ಅಕಿ ಮೊದಲ ಬ್ಯಾಡ ಅಂದಿದ್ಲು. ನನಗೂ ಗೊತ್ತಿತ್ತು. ನಾನ ಹೂಂ ಅಂದೆ, ಆಮ್ಯಾಲೆ ಅಕೀ ಮ್ಯಾಲೆ ಹಾಕಿದೆ."

ಆ ಕಡೆಯಿಂದ ಹೋಟೆಲಿನ ಗದ್ದಲ ಕೇಳಿಸುತ್ತಿತ್ತು. ಆಮೇಲೆ ಗಿರಾಕಿ, "ಆಯ್ತು ಮಾರಾಯ್ರೆ, ಅದೆಲ್ಲ ಮುಗಿದ ಕತೆ," ಎಂದರು. ಹಿಂದೆಯೇ, "ಮಳೆಗೆ ಪೆಟ್ಟಿಗೆಯ ಮೂಲೆ ಸ್ವಲ್ಪ ಉಬ್ಬಿದ ಹಾಗೆ ಕಾಣ್ತದೆ. ತೆಂಗಿನೆಣ್ಣೆ ಹಚ್ಚಬಹುದಾ? ಅಮ್ಮ ಇದ್ರೆ ಕೇಳಿ ಹೇಳಿ," ಎಂದರು.

ನನ್ನ ಗಂಡ ನನ್ನ ಮುಖ ನೋಡಿದರು.

"ಹಚ್ಚಬ್ಯಾಡ್ರಿ," ಎಂದೆ ಫೋನಿನ ಕಡೆ ಬಗ್ಗಿ. "ಬಿಡ್ರಿ, ಉಬ್ಬಲಿ. ದೀಪಾವಳಿ ಆದಮ್ಯಾಲೆ ತಾನ ಇಳೀತದ."

ಮಾಸ್ಕ್ ಏರಿಸಿಕೊಂಡು ಮಶಿನ್ ಹಚ್ಚಿದೆ. ಇನ್ನೊಂದು ಗುಂಡಿ ಕೊರೆಯುವುದಿತ್ತು.